ಕೂತೇ ಬಿಡುತ್ತಿದ್ದ ಫೋರ್ಕ್: ಏರ್ ಸಸ್ಪೆನ್ಷನ್ ದುರಸ್ತಿಯ ಒಂದು ಪ್ರಕರಣ

ನನ್ನ ಬಳಿ ಸೈಕಲ್ ದುರಸ್ತಿಗೆ ತಂದ ಸವಾರರೊಬ್ಬರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರ ಗುರುತು ಸಿಗುವಂಥ ವಿವರಗಳನ್ನೂ ಫೋರ್ಕಿನ ಕಂಪನಿ, ಮಾದರಿಗಳ ಹೆಸರನ್ನೂ ಬಿಟ್ಟಿದ್ದೇನೆ. ಅಳತೆಗಳು ಮಾತ್ರ ಆಗಾಗಲೇ ಪುಸ್ತಕದಲ್ಲಿ ಬರೆದಿಟ್ಟವು, ಹಾಗೇ ಕೊಟ್ಟಿದ್ದೇನೆ.

ಹಿನ್ನೆಲೆ

ಸವಾರರು ಅನುಭವಿ. ವಾರಕ್ಕೆ ಎರಡು ಸಲವಾದರೂ ಕಲ್ಲು, ಬೇರು, ಕಡಿದಾದ ಇಳಿಜಾರು ಇರುವ ಹಾದಿಯಲ್ಲಿ ಮೌಂಟನ್ ಬೈಕ್ ಓಡಿಸುತ್ತಾರೆ. ಮುಂದಿನ ಫೋರ್ಕ್, ಅಂದರೆ ಮುಂಚಕ್ರವನ್ನು ಹಿಡಿದು ಪೆಟ್ಟು ನುಂಗುವ ಎರಡು ಕಾಲಿನ ಭಾಗ, 150 ಮಿ.ಮೀ. ಟ್ರಾವೆಲ್‌ನದು. ಅಷ್ಟು ಒಳಕ್ಕೆ ಕುಗ್ಗಬಲ್ಲದು. ಎಡಗಾಲಿನಲ್ಲಿ ಗಾಳಿಯ ಸ್ಪ್ರಿಂಗ್, ಬಲಗಾಲಿನಲ್ಲಿ ಕುಗ್ಗುವ, ಏಳುವ ವೇಗವನ್ನು ಹಿಡಿತದಲ್ಲಿಡುವ ಡ್ಯಾಂಪರ್. ಅವರ ತೂಕಕ್ಕೆ ಮೊದಲಿನಿಂದಲೂ 75 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸರಿಹೊಂದುತ್ತಿತ್ತು. ತೊಂದರೆ ಶುರುವಾಗುವ ಸ್ವಲ್ಪ ದಿನ ಮುಂಚೆ ಅವರೇ ಮನೆಯಲ್ಲಿ ಕೈಪಿಡಿ ಮುಂದಿಟ್ಟುಕೊಂಡು ಫೋರ್ಕ್ ಬಿಚ್ಚಿ ಸರ್ವಿಸ್ ಮಾಡಿದ್ದರು. ಕೆಳಗಿನ ಕಾಲುಗಳ (ಮೇಲಿನ ಕೊಳವೆಗಳು ಜಾರಿ ಒಳಹೋಗುವ ಭಾಗ) ಎಣ್ಣೆ ಬದಲಿಸಿ, ಗಾಳಿಯ ಕಡೆಯ ಸೀಲುಗಳನ್ನೂ ಹೊಸದಾಗಿ ಹಾಕಿದ್ದರು. ಕೆಲಸ ಶಿಸ್ತಿನಿಂದ ಮಾಡಿದವರು, ಅದರಲ್ಲಿ ಅನುಮಾನವಿಲ್ಲ.

ಮುಂದಿನದು ಅರ್ಥವಾಗಬೇಕಾದರೆ ಎಡಗಾಲಿನ ಒಳಗೇನಿದೆ ಎಂದು ತಿಳಿದಿರಬೇಕು. ಕೊಳವೆಯೊಳಗೆ ಒಂದು ಪಿಸ್ಟನ್ ಇದೆ. ಅದರ ಮೇಲಿನ ಕೋಣೆಗೆ ನಾವು ಪಂಪ್ ಹಾಕಿ ಗಾಳಿ ತುಂಬುತ್ತೇವೆ. ಅದು ಪಾಸಿಟಿವ್. ಪಿಸ್ಟನ್ನಿನ ಕೆಳಗೆ ಸಣ್ಣದೊಂದು ಕೋಣೆ, ಅದು ನೆಗೆಟಿವ್. ಮೇಲಿನ ಗಾಳಿ ಫೋರ್ಕನ್ನು ಎತ್ತಿ ಹಿಡಿಯುತ್ತದೆ, ಕೆಳಗಿನದು ಅದನ್ನು ತುಸು ಕೆಳಕ್ಕೆ ಜಗ್ಗುತ್ತದೆ. ಈ ಜಗ್ಗಾಟ ಇರುವುದರಿಂದಲೇ ಸಣ್ಣ ಕಲ್ಲಿಗೂ ಫೋರ್ಕ್ ಮಿಡಿಯುತ್ತದೆ. ಇಲ್ಲದಿದ್ದರೆ ಮೊದಲ ಕೆಲವು ಮಿಲಿಮೀಟರ್ ಕಬ್ಬಿಣದ ಸರಳಿನ ಹಾಗೆ ನಿಂತುಬಿಡುತ್ತದೆ.

ಈ ಫೋರ್ಕಿನಲ್ಲಿ ಕೆಳಗಿನ ಕೋಣೆಗೆ ಬೇರೆ ವಾಲ್ವ್ ಇಲ್ಲ. ಕೊಳವೆಯ ಒಳಗೋಡೆಯಲ್ಲಿ, ಫೋರ್ಕ್ ಪೂರ್ತಿ ಚಾಚಿದ ಸ್ಥಿತಿಗೆ ಹತ್ತಿರದಲ್ಲಿ, ಒಂದು ಪುಟ್ಟ ಗುಳಿ ಇದೆ. ಪಿಸ್ಟನ್ನಿನ ಸೀಲ್ ಆ ಗುಳಿಯನ್ನು ದಾಟುವಾಗ ಅದರ ಮಗ್ಗುಲಿನಿಂದ ಗಾಳಿ ನುಸುಳಿ ಎರಡೂ ಕೋಣೆಗಳ ಒತ್ತಡ ಸಮವಾಗುತ್ತದೆ. ಗಾಳಿ ತುಂಬುವಾಗ ನಡುನಡುವೆ ಫೋರ್ಕನ್ನು ನಿಧಾನವಾಗಿ ಒತ್ತಿ ಬಿಡಿ ಎಂದು ಹೇಳುವುದು ಇದಕ್ಕೇ. ಇಷ್ಟು ದೊಡ್ಡ ಯಂತ್ರದ ನಡವಳಿಕೆ ಅಕ್ಕಿಕಾಳಿನಷ್ಟು ಗುಳಿಯ ಮೇಲೆ ನಿಂತಿರುತ್ತದೆ ಎಂಬುದು ನನಗೆ ಇವತ್ತಿಗೂ ಅಚ್ಚರಿಯ ವಿಷಯ.

ತೊಂದರೆ

ಸವಾರರು ಸೈಕಲ್ ತಂದಾಗ ಹೇಳಿದ್ದು ಇಷ್ಟು: "ಗಾಳಿ ನಿಲ್ಲುತ್ತಿಲ್ಲ. ಹೊರಡುವಾಗ ತುಂಬಿಸ್ತೀನಿ, ಒಂದು ಗಂಟೆಯಲ್ಲಿ ಮುಂಭಾಗ ಕೂತುಬಿಡುತ್ತೆ. ಮತ್ತೆ ತುಂಬಿಸ್ತೀನಿ, ಮತ್ತೆ ಕೂರುತ್ತೆ."

ಸ್ಕೇಲ್ ಹಿಡಿದು ನೋಡಿದೆ. ಧೂಳಿನ ಸೀಲಿನಿಂದ, ಎರಡೂ ಕಾಲುಗಳು ಕೂಡುವ ಮೇಲಿನ ಕಿರೀಟದವರೆಗೆ ಕಾಣುವ ನುಣುಪು ಕೊಳವೆ ಈ ಫೋರ್ಕಿನಲ್ಲಿ 156 ಮಿ.ಮೀ. ಇರಬೇಕು. ಯಾರೂ ಮೇಲೆ ಕೂತಿಲ್ಲದೆ, ಗೋಡೆಗೆ ಒರಗಿಸಿದ ಸೈಕಲ್ಲಿನಲ್ಲಿ ಅದು 131 ಇತ್ತು. ಅಂದರೆ 25 ಮಿ.ಮೀ. ಟ್ರಾವೆಲ್ ಭಾರ ಬೀಳುವ ಮೊದಲೇ ಹೋಗಿತ್ತು. ಮುಂಭಾಗ ಇಷ್ಟು ಇಳಿದರೆ ಹೆಡ್ ಆಂಗಲ್ (ಫೋರ್ಕ್ ಓರೆಯಾಗಿ ನಿಲ್ಲುವ ಕೋನ) ಒಂದು ಡಿಗ್ರಿಗೂ ಮಿಕ್ಕಿ ಕಡಿದಾಗುತ್ತದೆ. ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬಿದ್ದೇಹೋಗುತ್ತೇನೋ ಅನ್ನಿಸುತ್ತೆ ಎಂದು ಅವರು ಹೇಳಿದ್ದು ಸುಮ್ಮನೆ ಭಯವಲ್ಲ.

ಇನ್ನೊಂದು ವಿಚಿತ್ರವೂ ಇತ್ತು. ದಿನದಿನವೂ ಸ್ವಲ್ಪ ಸ್ವಲ್ಪ ಏರಿಸುತ್ತ ಅವರು 95 ಪಿಎಸ್‌ಐ ತಲುಪಿದ್ದರು. 75ರಲ್ಲಿ ಮೆತ್ತಗೆ ಓಡುತ್ತಿದ್ದ ಫೋರ್ಕ್ ಈಗ 95ರಲ್ಲಿ ಕುಸಿದು ಕೂತಿದೆ, ಕೂತ ಜಾಗದಿಂದ ಮುಂದಕ್ಕೆ ಕಲ್ಲಿನ ಹಾಗೆ ಗಟ್ಟಿ. ಮಣಿಕಟ್ಟು ನೋಯುತ್ತಿತ್ತು. ಸ್ಯಾಗ್ (ಸವಾರರ ಭಾರಕ್ಕೆ ಫೋರ್ಕ್ ಎಷ್ಟು ಇಳಿಯುತ್ತದೆ ಎಂಬುದು) ಅಳೆದರೆ, ಗುರುತಿಗೆ ಕೊಳವೆಯ ಮೇಲಿರುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಬರೀ 10 ಮಿ.ಮೀ. ಸರಿದಿರುತ್ತಿತ್ತು. ಓ-ರಿಂಗ್ ಗಾಳಿ ಜಾಸ್ತಿ ಎನ್ನುತ್ತಿತ್ತು, ಕಣ್ಣು ಗಾಳಿ ಕಮ್ಮಿ ಎನ್ನುತ್ತಿತ್ತು. ಓ-ರಿಂಗನ್ನು ಅವರು ಸೀಲಿಗೆ ತಾಗಿಸಿ ಅಳತೆ ಶುರುಮಾಡುತ್ತಿದ್ದುದು ಕುಸಿದ ಎತ್ತರದಿಂದ. ಸೊನ್ನೆಯೇ ಜಾರಿತ್ತು.

ಮಾಡಿ ನೋಡಿದ್ದು

ನನ್ನ ಬಳಿ ಬರುವ ಮೊದಲೇ ಅವರು ವಾಲ್ವ್ ಪಿನ್ ಬದಲಿಸಿದ್ದರು. ಪಂಪ್ ತಿರುಗಿಸಿ ತೆಗೆಯುವಾಗ ಬುಸ್ ಎನ್ನುತ್ತದೆ, ಅಲ್ಲೇ ಸೋರುತ್ತಿದೆ ಎಂಬುದು ಅವರ ಲೆಕ್ಕ. ಇದು ತುಂಬ ಜನ ಮಾಡುವ ತಪ್ಪು. ಒಳ್ಳೆಯ ಶಾಕ್ ಪಂಪಿನಲ್ಲಿ ಆ ಸದ್ದು ಬಹುಪಾಲು ಪಂಪಿನ ಕೊಳವೆಯಲ್ಲಿ ಉಳಿದ ಗಾಳಿಯದು. ಹಾಗೆಯೇ ಮರುದಿನ ಪಂಪ್ ಸಿಕ್ಕಿಸಿದಾಗ ಗೇಜಿನ ಮುಳ್ಳು ಕಮ್ಮಿ ತೋರಿಸಿದರೆ ರಾತ್ರಿ ಸೋರಿದೆ ಎಂದಲ್ಲ. ಆ ಕೊಳವೆಯನ್ನು ತುಂಬಲು ಫೋರ್ಕೇ ಒಂದಿಷ್ಟು ಗಾಳಿ ಬಿಟ್ಟುಕೊಟ್ಟಿರುತ್ತದೆ. ವಾಲ್ವಿನ ಮೇಲೆ ಸೋಪಿನ ನೀರು ಹಚ್ಚಿ ಹತ್ತು ನಿಮಿಷ ಕಾದೆ. ಒಂದು ಗುಳ್ಳೆಯೂ ಏಳಲಿಲ್ಲ.

ರಿಬೌಂಡ್ (ಕುಗ್ಗಿದ ಫೋರ್ಕ್ ಮತ್ತೆ ಏಳುವ ವೇಗ) ತೀರ ನಿಧಾನವಿದೆ, ಅದಕ್ಕೇ ಕೂರುತ್ತಿದೆ ಎಂದು ಯಾರೋ ಜೊತೆಗಾರರು ಹೇಳಿದ್ದರಿಂದ ಆ ನಾಬನ್ನು ಪೂರ್ತಿ ಬಿಚ್ಚಿಟ್ಟಿದ್ದರು. ರಿಬೌಂಡ್ ನಿಧಾನವಾದರೆ ಸಾಲು ಕಲ್ಲುಗಳ ಮೇಲೆ ಫೋರ್ಕ್ ಕುಗ್ಗುತ್ತಾ ಹೋಗುವುದು ನಿಜ. ಆದರೆ ಸೈಕಲ್ ನಿಲ್ಲಿಸಿ ಇಳಿದ ಮೇಲೆ ಅದು ತನ್ನ ಎತ್ತರಕ್ಕೆ ಬರಲೇಬೇಕು. ಇದು ನಿಂತಾಗಲೂ ಕೂತೇ ಇತ್ತು. ಡ್ಯಾಂಪರ್ ಎತ್ತರವನ್ನು ಹಿಡಿದಿಡುವುದಿಲ್ಲ, ವೇಗವನ್ನಷ್ಟೇ ಹಿಡಿಯುತ್ತದೆ. ಬಲಗಾಲನ್ನು ಅಲ್ಲಿಗೆ ಬಿಟ್ಟೆ.

ಬೆಳಗಿನ ಚಳಿಗೆ ಹೀಗಾಗುತ್ತದೆಯೇ ಎಂದೂ ಕೇಳಿದರು. ಲೆಕ್ಕ ಹಾಕಿದರೆ 40 ಡಿಗ್ರಿಯಲ್ಲಿ 81 ಪಿಎಸ್‌ಐ ಇದ್ದದ್ದು 20 ಡಿಗ್ರಿಗೆ ಇಳಿದಾಗ ಸುಮಾರು 75 ಆಗುತ್ತದೆ. ಮೆತ್ತಗಾಗುವುದು ಗೊತ್ತಾಗುವಷ್ಟು ವ್ಯತ್ಯಾಸವೇ. ಆದರೆ ತಣ್ಣಗಾಗುವುದು ಎರಡೂ ಕೋಣೆ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ. ಅದರಿಂದ ಫೋರ್ಕ್ 25 ಮಿ.ಮೀ. ಕೂರುವುದಿಲ್ಲ.

ಆಮೇಲೆ ತಪ್ಪಿದ್ದು ನಾನು. ಕೆಳಗಿನ ಕಾಲುಗಳ ಖಾಲಿ ಜಾಗದಲ್ಲಿ ಗಾಳಿ ಸೇರಿಕೊಂಡರೆ ಫೋರ್ಕ್ ಗಡುಸಾಗುತ್ತದೆ, ಕೊನೆಯ ಟ್ರಾವೆಲ್ ಸಿಗುವುದಿಲ್ಲ. ತಗ್ಗಿನಲ್ಲಿ ಜೋಡಿಸಿದ ಫೋರ್ಕನ್ನು ಎತ್ತರದ ಬೆಟ್ಟಕ್ಕೆ ಒಯ್ದಾಗಲೂ ಇದಾಗುತ್ತದೆ. ಸುಮಾರು 2000 ಮೀಟರ್ ಏರಿದರೆ ಹೊರಗಿನ ಒತ್ತಡ ಇಳಿದು ಒಳಗೆ ಹೆಚ್ಚುಕಮ್ಮಿ 3 ಪಿಎಸ್‌ಐ ಮಿಗುತ್ತದೆ. ಕೆಲವು ಹೊಸ ಫೋರ್ಕುಗಳಲ್ಲಿ ಇದನ್ನು ಬಿಡಲು ಗುಂಡಿಯೇ ಇದೆ. ಇದರಲ್ಲಿ ಇರಲಿಲ್ಲ. ತುದಿ ನಯಮಾಡಿದ ತೆಳು ಕೇಬಲ್ ಟೈ ಒಂದನ್ನು ಸೀಲಿಗೂ ಕೊಳವೆಗೂ ನಡುವೆ ಮೆಲ್ಲಗೆ ತೂರಿಸಿದೆ. ಎಡಗಾಲಿನಿಂದ ಸಣ್ಣಗೆ ಉಸ್ ಎಂದಿತು. ಒತ್ತಿ ನೋಡಿದರೆ ಗಡಸು ಕಮ್ಮಿಯಾಗಿತ್ತು. ಇದೇ ಇರಬೇಕು ಎಂದು ಸೈಕಲ್ ಕೊಟ್ಟು ಕಳಿಸಿದೆ.

ಆ ಉಸ್ ಎಂಬ ಸದ್ದಿಗೆ ನಾನು ಮಾರುಹೋದೆ. ಗಡಸಿಗೆ ಒಂದು ಕಾರಣ ಸಿಕ್ಕಿತ್ತು, ಕುಸಿತಕ್ಕೆ ಸಿಕ್ಕಿರಲಿಲ್ಲ. ಕಾಲಿನೊಳಗಿನ ಗಾಳಿ ಫೋರ್ಕನ್ನು ಮೇಲಕ್ಕೆ ತಳ್ಳಬೇಕೇ ಹೊರತು ಕೆಳಕ್ಕೆ ಎಳೆಯುವಂತಿಲ್ಲ. ಎರಡು ವಾರದ ನಂತರ ಅವರು ವಾಪಸ್ ಬಂದರು. ಕೊಳವೆ 130 ಮಿ.ಮೀ. ಕಾಣುತ್ತಿತ್ತು.

ತಿರುವು

ಈ ಸಲ ಪಂಪನ್ನು ಮುಟ್ಟಲೇಬಾರದು ಎಂದು ನಿರ್ಧರಿಸಿದೆ. ಪಂಪ್ ಹಾಕಿದ ಕ್ಷಣಕ್ಕೆ ಫೋರ್ಕ್ ಏಳುತ್ತದೆ, ಅದರೊಂದಿಗೆ ಸಾಕ್ಷಿಯೂ ಅಳಿಸಿಹೋಗುತ್ತದೆ. 130 ಎಂದು ಬರೆದುಕೊಂಡು ಸೈಕಲ್ಲನ್ನು ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಅಳೆದರೆ 134.

ನಾಲ್ಕು ಮಿಲಿಮೀಟರ್ ಮೇಲೆ ಬಂದಿತ್ತು! ಸ್ಕೇಲ್ ಸರಿಯಾಗಿ ಇಟ್ಟಿಲ್ಲವೇನೋ ಎಂದು ಮೂರು ಸಲ ಅಳೆದೆ. ಮೇಲಿನ ಕೋಣೆಯ ಗಾಳಿ ಹೊರಕ್ಕೆ ಸೋರುತ್ತಿದ್ದರೆ ಫೋರ್ಕ್ ಇನ್ನಷ್ಟು ಇಳಿಯಬೇಕಿತ್ತು, ಏರಲು ಸಾಧ್ಯವಿಲ್ಲ. ತಾನಾಗಿ ಏರಿದೆ ಎಂದರೆ ಕೆಳಗಿನ ಕೋಣೆಯಲ್ಲಿ ಮಿಕ್ಕಿದ್ದ ಗಾಳಿ ಎಲ್ಲಿಂದಲೋ ನಿಧಾನವಾಗಿ ಮೇಲಕ್ಕೆ ನುಸುಳಿದೆ.

ಖಾತ್ರಿಗೆ ಇನ್ನೊಂದು ಪರೀಕ್ಷೆ. ಫೋರ್ಕ್ ಪೂರ್ತಿ 156ಕ್ಕೆ ಏಳುವಷ್ಟು ಗಾಳಿ ತುಂಬಿ ಎರಡು ದಿನ ಓಡಿಸದೆ ಇಟ್ಟೆ. 156ರಲ್ಲೇ ನಿಂತಿತ್ತು. ಆಮೇಲೆ ಮುಂದಿನ ಬ್ರೇಕ್ ಹಿಡಿದು, ಮೈಭಾರ ಹಾಕಿ, ನಲವತ್ತು ಸಲ ಬಲವಾಗಿ ಒತ್ತಿದೆ. 151. ಸವಾರರು ಕಲ್ಲು ಹಾದಿಯಲ್ಲಿ ಒಂದು ಸುತ್ತು ಹೋಗಿ ಬಂದರು. 138. ಸುಮ್ಮನಿದ್ದಾಗ ನಿಲ್ಲುವ ಫೋರ್ಕ್ ಕೆಲಸ ಮಾಡಿದಾಗ ಮಾತ್ರ ಕುಸಿಯುತ್ತಿದೆ.

ಇಲ್ಲಿಗೆ ಬಂದ ಮೇಲೆ ಅವರನ್ನು ಕೂರಿಸಿಕೊಂಡು ಸರ್ವಿಸ್ ಮಾಡಿದ ದಿನದಿಂದ ಏನೇನಾಯಿತು ಎಂದು ಮೊದಲಿನಿಂದ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೊದಲ ಎರಡು ಸವಾರಿ ಮುಂಭಾಗ ಎತ್ತರ ಅನ್ನಿಸ್ತು. ಸಣ್ಣ ಕಲ್ಲಿಗೆ ಅಲುಗ್ತಾನೇ ಇರಲಿಲ್ಲ. ಚಕ್ರ ಎತ್ತಿದಾಗ ಟಕ್ ಅಂತಿತ್ತು. ಹೊಸ ಸೀಲು, ಹೊಂದಿಕೊಳ್ಳಬೇಕು ಅಂದ್ಕೊಂಡೆ. ಆಮೇಲೆ ಎರಡು ಮೂರು ಸವಾರಿ ಎಷ್ಟು ಚೆನ್ನಾಗಿತ್ತು ಅಂದ್ರೆ, ಹೊಸದಾಗಿದ್ದಾಗಲೂ ಹಾಗಿರಲಿಲ್ಲ. ಅದಾದ ಮೇಲೆ ಕೂರೋಕೆ ಶುರುವಾಯ್ತು."

"ಮೊದಲ ಸಲ ಗಾಳಿ ತುಂಬುವಾಗ ನಡುವೆ ಒತ್ತಿದ್ರಾ?"

"ಒತ್ತಿದೆ. ಕೈಪಿಡಿಯಲ್ಲಿತ್ತಲ್ಲ."

"ಒತ್ತಿದಾಗ ಮುಳ್ಳು ಇಳೀತಾ?"

ಸ್ವಲ್ಪ ಯೋಚಿಸಿ ಹೇಳಿದರು: "ಇಲ್ಲ. ಕದಲಲೇ ಇಲ್ಲ. ಸೀಲು ಭದ್ರವಾಗಿ ಕೂತಿದೆ ಅಂತ ಖುಷಿಪಟ್ಟೆ."

ಇಡೀ ರೋಗದ ಚರಿತ್ರೆ ಆ ನಾಲ್ಕು ಮಾತಿನಲ್ಲಿತ್ತು. ಖಾಲಿ ಫೋರ್ಕಿಗೆ ಗಾಳಿ ತುಂಬಿ ಒತ್ತಿದಾಗ ಮೇಲಿನ ಗಾಳಿ ಗುಳಿಯ ಮೂಲಕ ಕೆಳಕ್ಕೆ ಹೋಗಬೇಕು, ಮುಳ್ಳು ಇಳಿಯಲೇಬೇಕು. ಇಳಿದಿಲ್ಲವೆಂದರೆ ಗುಳಿ ಮುಚ್ಚಿಕೊಂಡಿದೆ. ಕೆಳಗಿನ ಕೋಣೆ ಬರಿದಾಗಿದ್ದರಿಂದ ಮೊದಲ ಎರಡು ಸವಾರಿಯಲ್ಲಿ ಫೋರ್ಕ್ ಎತ್ತರ, ಗಡುಸು, ಮೇಲೆ ಬರುವಾಗ ಟಕ್ ಸದ್ದು. ಜೊತೆಗೆ ಪಿಸ್ಟನ್ನಿನ ಸೀಲಿನಲ್ಲೂ ಎಲ್ಲೋ ಸಣ್ಣ ಗಾಯವಿರಬೇಕು. ದೊಡ್ಡ ಕಲ್ಲಿಗೆ ಬಡಿದು ಫೋರ್ಕ್ ಆಳಕ್ಕೆ ಇಳಿದಾಗ ಮೇಲಿನ ಒತ್ತಡ ಹಲವು ಪಟ್ಟು ಏರುತ್ತದೆ, ಕೆಳಗಿನ ಕೋಣೆ ಹಿಗ್ಗಿ ಅದರ ಒತ್ತಡ ಬೀಳುತ್ತದೆ. ಪ್ರತಿ ಪೆಟ್ಟಿಗೂ ಗಾಯದ ಮೂಲಕ ಒಂದು ಗುಟುಕು ಗಾಳಿ ಕೆಳಕ್ಕೆ. ಹೀಗೆ ತುಂಬುತ್ತಾ ಕೆಳಗಿನ ಕೋಣೆ ಸರಿಯಾದ ಒತ್ತಡಕ್ಕೆ ಬಂದ ಆ ಎರಡು ಮೂರು ಸವಾರಿಯೇ ಚೆನ್ನಾಗಿದ್ದ ದಿನಗಳು. ಆಮೇಲೂ ಅದು ತುಂಬುತ್ತಲೇ ಹೋಯಿತು. ಹೆಚ್ಚಾದದ್ದನ್ನು ಮರಳಿ ಸಮಮಾಡಬೇಕಾದ ಗುಳಿ ಮುಚ್ಚಿತ್ತು. ಇವರು ಮೇಲಿನಿಂದ ಹೊಸ ಗಾಳಿ ಕೊಡುತ್ತಿದ್ದರು, ಅದೂ ಕೆಳಗೇ ಹೋಗಿ ಸೇರುತ್ತಿತ್ತು.

ಈ ಮಾತುಗಳನ್ನು ಅವರು ಮೊದಲ ದಿನವೂ ಅರ್ಧಂಬರ್ಧ ಹೇಳಿದ್ದರು. ಸರ್ವಿಸ್ ಆದ ಹೊಸದರಲ್ಲಿ ಹಾಗೆ ಅನ್ನಿಸುವುದುಂಟು ಎಂದು ನಾನು ದಾಟಿಸಿಬಿಟ್ಟಿದ್ದೆ.

ಬಿಚ್ಚಿದ್ದು

ಇಲ್ಲಿ ಎಚ್ಚರಿಕೆ ಬೇಕಾದ ಮಾತೊಂದಿದೆ. ಇಂಥ ಫೋರ್ಕಿನಲ್ಲಿ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಖಾಲಿಯಾಗುವುದು ಮೇಲಿನ ಕೋಣೆ ಮಾತ್ರ. ಕೆಳಗಿನದು ಒತ್ತಡ ಹಿಡಿದುಕೊಂಡೇ ಇರುತ್ತದೆ. ಅದನ್ನು ತಡೆದಿರುವುದು ಕೊಳವೆಯ ತಳದಲ್ಲಿರುವ ಮುಚ್ಚಳ ಮತ್ತು ಅದನ್ನು ಹಿಡಿದಿಡುವ ಒಂದು ಉಂಗುರದ ಕ್ಲಿಪ್, ಸರ್ಕ್ಲಿಪ್. ಆ ಸ್ಥಿತಿಯಲ್ಲಿ ಸರ್ಕ್ಲಿಪ್ ಕಿತ್ತರೆ ಮುಚ್ಚಳ ಗುಂಡಿನ ಹಾಗೆ ಹಾರಿ ಮುಖಕ್ಕೆ ಬಡಿಯಬಹುದು. ಫೋರ್ಕ್ ತಾನಾಗಿ ಒಳಕ್ಕೆ ಸೆಳೆದುಕೊಳ್ಳುತ್ತಿದೆ ಎಂದರೆ ಒಳಗೆ ಇನ್ನೂ ಗಾಳಿ ಇದೆ ಎಂದೇ ಅರ್ಥ. ಅಷ್ಟು ಹೊತ್ತು ಯಾವ ಸರ್ಕ್ಲಿಪ್ಪಿಗೂ ಕೈ ಹಾಕಬಾರದು.

ಸಾಮಾನ್ಯವಾಗಿ ಮತ್ತೆ ಗಾಳಿ ತುಂಬಿ ಫೋರ್ಕನ್ನು ಪೂರ್ತಿ ಚಾಚಿ, ಮೇಲಕ್ಕೆ ಎಳೆದು ಹಿಡಿದುಕೊಂಡು, ನಿಧಾನವಾಗಿ ಗಾಳಿ ಬಿಟ್ಟರೆ ಗುಳಿಯ ಮೂಲಕ ಎರಡೂ ಖಾಲಿಯಾಗುತ್ತವೆ. ಎರಡು ಸಲ ಮಾಡಿದೆವು. ಎರಡು ಸಲವೂ ಗಾಳಿ ಬಿಟ್ಟ ಕೂಡಲೇ ಫೋರ್ಕ್ ಸರ್ರನೆ ಒಳಗೆ ಹೋಯಿತು. ಗುಳಿ ಮುಚ್ಚಿದೆ ಎಂಬ ಊಹೆಗೆ ಇದೂ ಪುಷ್ಟಿ.

ಉಳಿದದ್ದು ಒಂದೇ ದಾರಿ, ಆ ಗಾಯದಿಂದಲೇ ಗಾಳಿ ಹೊರಬರಲಿ ಎಂದು ಕಾಯುವುದು. ವಾಲ್ವ್ ಪಿನ್ ಪೂರ್ತಿ ಬಿಚ್ಚಿ ತೆಗೆದೆ. ಅವರು ಚಕ್ರದ ಎರಡೂ ಬದಿ ಕಾಲಿಟ್ಟು ಒತ್ತಿ ಹಿಡಿದರು, ನಾನು ಹ್ಯಾಂಡಲ್ ಮೇಲಕ್ಕೆ ಎಳೆದೆ. ತೆರೆದ ವಾಲ್ವಿನ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಟ್ಟಿದ್ದೆ. ಹನಿ ಮೊದಲು ನಡುಗಿತು, ಆಮೇಲೆ ಉಬ್ಬಿ ಉದ್ದಿನಕಾಳಿನಷ್ಟು ಗುಳ್ಳೆಯಾಗಿ ಒಡೆಯಿತು. ಅದರ ಹಿಂದೆಯೇ ಇನ್ನೊಂದು. ಮೇಲಿನ ಕೋಣೆ ಆಗಲೇ ಖಾಲಿ, ಪಿಸ್ಟನ್ ಗುಳಿಯಿಂದ ಎಷ್ಟೋ ದೂರ. ಆ ಗಾಳಿ ಬರಲು ಇದ್ದದ್ದು ಸೀಲಿನ ಮಗ್ಗುಲು ಒಂದೇ. ವಾರಗಳಿಂದ ಊಹಿಸುತ್ತಿದ್ದುದು ಅಲ್ಲಿ ಕಣ್ಣೆದುರು ಉಬ್ಬುತ್ತಿತ್ತು.

ನಡುನಡುವೆ ಎಳೆಯುತ್ತಾ ಅರ್ಧ ದಿನ ಬಿಟ್ಟೆವು. ಕೊನೆಗೆ ಫೋರ್ಕ್ ಎಳೆದಲ್ಲಿ ನಿಲ್ಲುವಷ್ಟು ಸಡಿಲವಾಯಿತು. ಆಮೇಲೆಯೇ ಕೆಳಗಿನ ಬೋಲ್ಟುಗಳನ್ನು ಮೂರು ಸುತ್ತು ಸಡಿಲಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ, ಕಾಲುಗಳನ್ನು ಇಳಿಸಿದ್ದು. ಎಣ್ಣೆ ಇದ್ದಷ್ಟೂ ಇತ್ತು, ಸ್ಪಂಜಿನ ಉಂಗುರಗಳು ನೆನೆದಿದ್ದವು.

ಪಿಸ್ಟನ್ ಹೊರಗೆ ಬಂದಾಗ ಅದರ ಸುತ್ತ ಗ್ರೀಸ್ ಬೆಣ್ಣೆಯ ಹಾಗೆ ಮೆತ್ತಿಕೊಂಡಿತ್ತು. ಕೊಳವೆಯೊಳಗೆ ಟಾರ್ಚ್ ಹಾಕಿ ನೋಡಿದರೆ ಗುಳಿ ಕಾಣಲೇ ಇಲ್ಲ. ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಕಡ್ಡಿಯಿಂದ ತೀಡಿದಾಗ ಅಲ್ಲಿಂದ ಗಟ್ಟಿ ಗ್ರೀಸಿನ ಮುದ್ದೆ ಎದ್ದು ಬಂತು, ಆಮೇಲೆ ಗುಳಿಯ ಅಂಚು ಹೊಳೆಯಿತು. ಸೀಲನ್ನು ಒರೆಸಿ ಬೆಳಕಿಗೆ ಹಿಡಿದು ಬೆರಳಲ್ಲಿ ಬಾಗಿಸುತ್ತಾ ಸುತ್ತು ತಿರುಗಿಸಿದೆ. ಒಂದು ಕಡೆ ಉಗುರಿನ ತುದಿ ಊರಿದಂತೆ ಅರ್ಧಚಂದ್ರದ ಗೀರು. ಒಳಗೆ ತಳ್ಳುವಾಗ ಸರ್ಕ್ಲಿಪ್ ಕೂರುವ ಕಾಲುವೆಯ ಚೂಪು ಅಂಚಿಗೆ ತಾಗಿ ಕೊಯ್ದದ್ದು. ಕೊಳವೆಯ ಗೋಡೆಯಲ್ಲಿ ಎಲ್ಲೂ ಗೀಚು ಇರಲಿಲ್ಲ, ಅದು ದೊಡ್ಡ ಸಮಾಧಾನ.

"ಸೀಲು ಒಣಗಬಾರದು ಅಂತ ಜಾಸ್ತಿನೇ ಹಾಕಿದ್ದೆ" ಎಂದರು. ಕಾಳಜಿಯಿಂದ ಮಾಡಿದ್ದೇ ಮುಳುವಾಗಿತ್ತು.

ಎರಡು ಸಣ್ಣ ತಪ್ಪುಗಳು ಕೂಡಿದ್ದರಿಂದ ಇದು ಇಷ್ಟು ಗೋಜಲಾಯಿತು. ಬರೀ ಗೀರು ಇದ್ದು ಗುಳಿ ತೆರೆದಿದ್ದರೆ ಫೋರ್ಕ್ ಮೇಲೆ ಬಂದಾಗಲೆಲ್ಲ ಒತ್ತಡ ಸಮವಾಗಿ, ಅವರಿಗೆ ಬಹುಶಃ ಗೊತ್ತೇ ಆಗುತ್ತಿರಲಿಲ್ಲ. ಬರೀ ಗ್ರೀಸ್ ಅಡ್ಡವಿದ್ದರೆ ಗಡಸು ಗಡಸಾಗಿಯೇ ಉಳಿದು, ಮೊದಲ ವಾರದಲ್ಲೇ ಬಿಚ್ಚಿ ನೋಡುತ್ತಿದ್ದರು. ನಡುವೆ ಬಂದ ಆ ಸೊಗಸಾದ ಎರಡು ಮೂರು ಸವಾರಿ ಎಲ್ಲರ ಕಣ್ಣಿಗೂ ಮಣ್ಣೆರಚಿತು.

ಜೋಡಣೆ ಮತ್ತು ಫಲ

ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ನೂಲು ಬಿಡದ ಬಟ್ಟೆಯಿಂದ ಕೊಳವೆಯನ್ನು ಒರೆಸಿದೆವು. ಹೊಸ ಸೀಲಿಗೆ ಕೈಪಿಡಿ ಹೇಳಿದ ಗ್ರೀಸನ್ನೇ, ಬೆರಳಿಗೆ ಹೊಳಪು ಹತ್ತುವಷ್ಟು ಮಾತ್ರ ಸವರಿದೆ. ಸಿಕ್ಕಿದ ಪೆಟ್ರೋಲಿಯಂ ಗ್ರೀಸ್ ಹಾಕಿದರೆ ಕೆಲವು ರಬ್ಬರ್ ಊದಿಕೊಳ್ಳುತ್ತವೆ. ಸರ್ಕ್ಲಿಪ್ ಕಾಲುವೆಯ ಒಳಸುತ್ತಿಗೆ ತೆಳು ಪ್ಲಾಸ್ಟಿಕ್ ಹಾಳೆಯ ಪಟ್ಟಿ ಇಟ್ಟು, ಅದರ ಮೇಲಿಂದ ಪಿಸ್ಟನ್ನನ್ನು ಓರೆಮಾಡಿ, ಸೀಲನ್ನು ಬೆರಳಲ್ಲಿ ಅದುಮುತ್ತಾ ಜಾರಿಸಿದೆ. ಅಂಚು ದಾಟಿದ ಮೇಲೆ ಪಟ್ಟಿ ಎಳೆದುಕೊಂಡೆ. ಎಣ್ಣೆ, ಹೊಸ ವಾಷರ್, ಬೋಲ್ಟಿಗೆ ಕೈಪಿಡಿಯ ಟಾರ್ಕ್. ಉಳಿದದ್ದು ಮಾಮೂಲು.

ಗಾಳಿ ತುಂಬುವ ಕೆಲಸವನ್ನು ಅವರ ಕೈಯಲ್ಲೇ ಮಾಡಿಸಿದೆ. ಮೊದಲು 40. ಐದಾರು ಸಲ ನಿಧಾನವಾಗಿ ಒತ್ತಿದರು. ಮುಳ್ಳು ಎದ್ದು ಕಾಣುವಂತೆ ಇಳಿಯಿತು. ಅವರು ನನ್ನ ಮುಖ ನೋಡಿದರು. ಮತ್ತೆ ತುಂಬಿದರು, ಒತ್ತಿದರು. ಈ ಸಲ ಇಳಿದದ್ದು ಕಮ್ಮಿ. ಹೀಗೆ 75 ತಲುಪಿದಾಗ ಒತ್ತಿದರೂ ಮುಳ್ಳು ಅಲ್ಲೇ ನಿಂತಿತು. ಸವಾರಿಯ ಭಂಗಿಯಲ್ಲಿ ಪೆಡಲ್ ಮೇಲೆ ನಿಂತಾಗ ಸ್ಯಾಗ್ 27 ಮಿ.ಮೀ., ಅಂದರೆ 18 ಶೇಕಡಾ. ಇಂಥ ಹಾದಿಗೆ 15ರಿಂದ 20 ಶೇಕಡಾ ಎನ್ನುವ ರೂಢಿಯೊಳಗೇ ಬಂತು.

ಇದಾದ ಮೇಲೆ ನನ್ನ ಕೆಲಸದಲ್ಲಿ ಎರಡು ಸಂಗತಿ ಬದಲಾದವು. ಯಾವುದೇ ಏರ್ ಫೋರ್ಕ್ ಬಂದರೂ ಪಂಪ್ ಹಿಡಿಯುವ ಮೊದಲು ಸ್ಕೇಲ್ ಹಿಡಿಯುತ್ತೇನೆ. ಬರಿದೇ ನಿಂತಾಗಿನ ಎತ್ತರ ಪುಸ್ತಕಕ್ಕೆ ಹೋಗುತ್ತದೆ, ಸಾಧ್ಯವಾದರೆ ಮರುಬೆಳಗಿನ ಎತ್ತರವೂ. ಎರಡನೆಯದು, ತೊಂದರೆ ಏನು ಎಂದು ಕೇಳುವ ಮೊದಲು ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ, ಅದಕ್ಕೂ ಮುಂಚೆ ಹೇಗಿತ್ತು ಎಂದು ಕೇಳುತ್ತೇನೆ. ಸವಾರರ ಕೈಗೆ ಗೊತ್ತಿರುವುದು ಗೇಜಿಗೆ ಗೊತ್ತಿರುವುದಿಲ್ಲ.

ಮೂರು ವಾರದ ನಂತರ ಅವರು ಕಳಿಸಿದ ಅಳತೆ: ಸವಾರಿಗೆ ಮುಂಚೆ 156, ಸವಾರಿಯ ನಂತರ 156, ಮರುದಿನ ಬೆಳಿಗ್ಗೆ 156. ಪಂಪ್ ಸಿಕ್ಕಿಸಿ ನೋಡಿಲ್ಲ, ನೋಡುವ ಅಗತ್ಯ ಕಾಣಲಿಲ್ಲ ಎಂದು ಕೆಳಗೆ ಬರೆದಿದ್ದರು.